ಗೆರೆಯ ಮೇಲಿನ ಬೂಷ್ಟು

ಕೊರೊನಾ ಬಂದು ಹೋದ ಮೇಲೆ ನನಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ಅಲ್ಲಿಯವರೆಗೆ ಮದುವೆ ಮನೆಗಳಲ್ಲಿ ಯಾರಾದರೂ "ನೀವು ಯಾತರ ಡಾಕ್ಟರು?" ಎಂದು ಕೇಳಿ, ನಾನು "ಮೈಕ್ರೋಬಯಾಲಜಿ, ಲ್ಯಾಬಿನಲ್ಲಿ" ಎಂದರೆ ಸಾಕು, ಮಂಡಿನೋವಿನ ಮಾತು ಎತ್ತಲು ಬಂದವರು ಹಾಗೇ ಊಟದ ಎಲೆಯ ಕಡೆ ತಿರುಗುತ್ತಿದ್ದರು. ಈಗ ಹಾಗಲ್ಲ. ಲ್ಯಾಬಿಗೆ ಹೊಸದಾಗಿ ಸೇರಿದ ನಮ್ಮ ಬಂಧುಗಳ ಮಕ್ಕಳು ಫೋನು ಮಾಡಿ, "ಆಂಟಿ, ವೈರಸ್ ಬಂದು ಆಸ್ಪತ್ರೆ ಸೇರಿದವರಿಗೆ ಮೇಲಿಂದ ಫಂಗಸ್ ಬರೋದು ನಿಮ್ಮ ಕಾಲದಲ್ಲೂ ಇತ್ತಾ?" ಎಂದು ಕೇಳುತ್ತಾರೆ. ಇತ್ತು ಮಕ್ಕಳೇ. ನಾವು ಅದನ್ನು ಕಸದ ಬುಟ್ಟಿಗೆ ಹಾಕುತ್ತಿದ್ದೆವು, ಅಷ್ಟೇ. ಹೇಗೆ ಹಾಕುತ್ತಿದ್ದೆವು, ಒಂದು ಸಲ ಹೇಗೆ ಅದನ್ನು ಬುಟ್ಟಿಯಿಂದ ಮೇಲೆತ್ತಿದೆವು ಎಂಬುದನ್ನು ಬರೆದಿಡುತ್ತೇನೆ. ನನ್ನ ಬಡ್ತಿಗಳ ಕಥೆ ಬೇಕಾದವರು ನನ್ನ ಯಜಮಾನರನ್ನು ಕೇಳಿ, ಅವರು ಉತ್ಪ್ರೇಕ್ಷೆ ಮಾಡಿಯೇ ಹೇಳುತ್ತಾರೆ.

ಮೈಸೂರಿನಲ್ಲಿ ಓದು ಮುಗಿಸಿ, ಮದುವೆಯಾಗಿ, ಬ್ಯಾಂಕಿನಲ್ಲಿ ಆಫೀಸರಾಗಿದ್ದ ಶ್ರೀನಿವಾಸರ ಹಿಂದೆ ನಾನು ವಿಶಾಖಪಟ್ಟಣಕ್ಕೆ ಹೋದದ್ದು ಎಂಬತ್ತರ ದಶಕದ ಆರಂಭದಲ್ಲಿ. ಸಮುದ್ರ ನೋಡಿ ಕುಣಿದಾಡಿದ್ದು ಮೊದಲ ವಾರ. ಎರಡನೆಯ ವಾರಕ್ಕೆ ನನ್ನ ಚಪ್ಪಲಿಯ ಮೇಲೆ ಬೂಷ್ಟು ಬಂತು. ಆಮೇಲೆ ಅವರ ಬೆಲ್ಟಿಗೆ, ಮದುವೆ ಆಲ್ಬಮ್ಮಿಗೆ, ಮಾವನವರು ಕೊಟ್ಟ ಕ್ಯಾಮೆರಾದ ಚರ್ಮದ ಚೀಲಕ್ಕೆ. ಆ ಊರಿನಲ್ಲಿ ಬೂಷ್ಟು ಬಾರದ ವಸ್ತುವೆಂದರೆ ದಿನಾ ಬಳಸುವ ಉಪ್ಪು ಒಂದೇ, ಅದೂ ನೀರಾಗಿ ಹೋಗುತ್ತಿತ್ತು.

ನಾನು ಕೆಲಸಕ್ಕೆ ಸೇರಿದ ಆಸ್ಪತ್ರೆಯ ಲ್ಯಾಬಿನ ಮುಖ್ಯಸ್ಥೆ ಡಾ. ಮಾಣಿಕ್ಯಾಂಬ. ದೊಡ್ಡ ಕುಂಕುಮ, ಅದಕ್ಕಿಂತ ದೊಡ್ಡ ದನಿ. ಅವರು ಯಾರನ್ನೂ ಹೊಗಳಿದ್ದನ್ನು ನಾನು ಕಾಣೆ. ಬಹಳ ಮೆಚ್ಚಿಕೆಯಾದರೆ ಬೈಯುವುದನ್ನು ನಿಲ್ಲಿಸುತ್ತಿದ್ದರು. ಆಗ ಇವತ್ತಿನ ಹಾಗೆ ರೋಗಾಣು ಬೆಳೆಸುವ ಪ್ಲಾಸ್ಟಿಕ್ಕಿನ ಪ್ಲೇಟುಗಳು ಪ್ಯಾಕೆಟ್ಟಿನಲ್ಲಿ ಬರುತ್ತಿರಲಿಲ್ಲ. ಗಾಜಿನ ಪ್ಲೇಟುಗಳನ್ನು ತೊಳೆದು, ಬೇಯಿಸಿ, ಒಣಗಿಸಿ, ಸೂಕ್ಷ್ಮಜೀವಿಗಳು ತಿನ್ನುವ ಊಟವನ್ನೂ ನಾವೇ ತಯಾರಿಸಿ ಅದರಲ್ಲಿ ಸುರಿಯಬೇಕಿತ್ತು. ಫಂಗಸ್ ಬೆಳೆಸಲು ಆಲೂಗಡ್ಡೆಯ ರಸ ಬೇಕು. ಮಾಣಿಕ್ಯಾಂಬ ಮೇಡಂ ತಾವೇ ಮಾರುಕಟ್ಟೆಗೆ ಹೋಗಿ ಚೌಕಾಸಿ ಮಾಡಿ ಆಲೂಗಡ್ಡೆ ತರುತ್ತಿದ್ದರು. ಲ್ಯಾಬಿಗೆ ಬೇಕಾದದ್ದು ಹಿಡಿಯಷ್ಟು, ತರುತ್ತಿದ್ದದ್ದು ಚೀಲದ ತುಂಬ. ಉಳಿದದ್ದು ಏನಾಗುತ್ತಿತ್ತೆಂದು ಯಾರೂ ಕೇಳಲಿಲ್ಲ. ಅವರ ಊಟದ ಡಬ್ಬಿಯಲ್ಲಿ ಆ ವಾರವಿಡೀ ಆಲೂಗಡ್ಡೆ ಪಲ್ಯವಿರುತ್ತಿತ್ತು, ನಮಗೂ ಬಡಿಸುತ್ತಿದ್ದರು, ಚೆನ್ನಾಗಿರುತ್ತಿತ್ತು.

ಕಫವನ್ನೋ ರಕ್ತವನ್ನೋ ಪ್ಲೇಟಿಗೆ ಹಚ್ಚಿದಾಗ ಅದರಲ್ಲಿ ಬೂಷ್ಟು ಬೆಳೆದರೆ ಮೇಡಂ ಹೇಳುತ್ತಿದ್ದದ್ದು ಒಂದೇ ಮಾತು: "ಬೂಜು ವಚ್ಚಿಂದಾ? ಪಾರೇಯ್!" ಬೂಷ್ಟು ಬಂತಾ, ಬಿಸಾಕು. ಗಾಳಿಯಿಂದ ಬಿದ್ದದ್ದು, ರೋಗಿಗೆ ಸಂಬಂಧವಿಲ್ಲ ಎಂದು ಅರ್ಥ. ಅವರು ಹೇಳಿದ್ದು ನೂರಕ್ಕೆ ತೊಂಬತ್ತು ಸಲ ಸರಿಯೇ. ಆ ಗಾಳಿಯಲ್ಲಿ ಪ್ಲೇಟಿನ ಮುಚ್ಚಳ ಒಂದು ಗಳಿಗೆ ತೆರೆದರೂ ಬೂಷ್ಟು ಬಂದು ಕೂರುತ್ತಿತ್ತು. ಹೀಗಾಗಿ ಬಿಸಾಕುವುದು ನಮಗೆ ಉಸಿರಾಡುವಷ್ಟು ಸಹಜವಾಯಿತು.

ಅಲ್ಲಿ ನಾನು ಮಾಡಿದ ಮೊದಲ ಘನಕಾರ್ಯವನ್ನು ಹೇಳಿಬಿಡುತ್ತೇನೆ. ಒಂದು ದಿನ ಮೈಕ್ರೋಸ್ಕೋಪಿನಲ್ಲಿ ಕಫದ ಸ್ಲೈಡ್ ನೋಡಿದರೆ ನಯವಾದ ಎಳೆಗಳು, ಥೇಟ್ ಫಂಗಸ್. ಮುಂದಿನ ರೋಗಿಯದರಲ್ಲೂ ಎಳೆ. ಅದರ ಮುಂದಿನದರಲ್ಲೂ. ಊರಿಗೆ ಊರೇ ಫಂಗಸ್ ಹಿಡಿದಿದೆ, ಇದನ್ನು ಕಂಡುಹಿಡಿದವಳು ನಾನು ಎಂದು ಹಿಗ್ಗಿ ಮೇಡಂ ಅವರನ್ನು ಕೂಗಿದೆ. ಮೇಡಂ ಬಂದು ಬಗ್ಗಿ ನೋಡಿದರು. ಕಣ್ಣಿಡುವ ಗಾಜಿನ ಕೊಳವೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರು. ಎಳೆಗಳೂ ಅದರ ಜೊತೆ ಗಿರಗಿರ ತಿರುಗಿದವು. ಬೂಷ್ಟು ಬಂದಿದ್ದದ್ದು ರೋಗಿಗಳಿಗಲ್ಲ, ನಮ್ಮ ಮೈಕ್ರೋಸ್ಕೋಪಿನ ಗಾಜಿಗೆ.

"ಮೊದಲು ನಿನ್ನ ಕಣ್ಣು ಒರೆಸಿಕೋ, ಆಮೇಲೆ ಊರಿನವರ ಎದೆ ನೋಡು," ಎಂದರು ಮೇಡಂ. ಆ ಕಥೆ ಕ್ಯಾಂಟೀನಿಗೆ ನನಗಿಂತ ಮೊದಲೇ ತಲುಪಿತ್ತು. ಬಹಳ ದಿನ ನಾನು ಹೋದಲ್ಲೆಲ್ಲ ಯಾರಾದರೊಬ್ಬರು ಎರಡು ಬೆರಳೆತ್ತಿ ಗಾಳಿಯಲ್ಲಿ ತಿರುಗಿಸಿ ತೋರಿಸುತ್ತಿದ್ದರು.

ತೊಂಬತ್ತರ ದಶಕ ಬರುವ ಹೊತ್ತಿಗೆ ಯಜಮಾನರಿಗೆ ವಿಜಯವಾಡಕ್ಕೆ ವರ್ಗವಾಯಿತು. ಅಲ್ಲಿನ ಪಟಮಟ ಬಡಾವಣೆಯಲ್ಲಿ ಮನೆ ಹಿಡಿದೆವು. ನನಗೂ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಸಿಟಿ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ವಿಶಾಖದಲ್ಲಿ ಮನುಷ್ಯ ನೆನೆಯುತ್ತಾನೆ, ವಿಜಯವಾಡದಲ್ಲಿ ಬೇಯುತ್ತಾನೆ. ಬೇಸಿಗೆಯಲ್ಲಿ ಅಲ್ಲಿನ ಜನ ಸೆಖೆಯ ಬಗ್ಗೆ ದೂರುವುದಿಲ್ಲ, ಹೆಮ್ಮೆಪಡುತ್ತಾರೆ. ಕೂಲರ್ ಇಲ್ಲದ ಮನೆಗೆ ಹೆಣ್ಣು ಕೊಡುವುದಿಲ್ಲ ಎಂದು ತಮಾಷೆ ಮಾಡುತ್ತಿದ್ದರು. ತಗಡಿನ ದೊಡ್ಡ ಪೆಟ್ಟಿಗೆ, ಒಳಗೆ ಫ್ಯಾನು, ಮೂರು ಬದಿಗೆ ಲಾವಂಚದ ಬೇರಿನ ತಟ್ಟಿ, ಅದರ ಮೇಲೆ ಸುರಿಯುವ ನೀರು. ಆ ತಂಪು, ಆ ಘಮ! ಮಧ್ಯಾಹ್ನ ಅದರೆದುರು ಕೂತವರು ಆಸ್ತಿಯನ್ನೇ ಬರೆದುಕೊಟ್ಟಾರು.

ಆಸ್ಪತ್ರೆಯ ಹಿರಿಯ ವೈದ್ಯರು ಡಾ. ಸುಬ್ಬಾರಾವ್. ಅವರು ಆಡುತ್ತಿದ್ದದ್ದು ತೆಲುಗು, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಊರಿನಲ್ಲಿ ಸುಳ್ಳು ಹೇಳಲು ಬಾರದ ಏಕೈಕ ಡಾಕ್ಟರೆಂದು ಅವರಿಗೆ ಹೆಸರು. ಕೊಂಡಪಲ್ಲಿಯ ಒಬ್ಬ ಗೊಂಬೆ ವ್ಯಾಪಾರಿ ಕೆಮ್ಮುತ್ತ ಬಂದು, "ಸಂಕ್ರಾಂತಿಗೆ ಎದ್ದು ಓಡಾಡ್ತೀನಾ ಸಾರ್?" ಎಂದು ಕೇಳಿದಾಗ, "ಯಾವ ವರ್ಷದ ಸಂಕ್ರಾಂತಿಗೆ?" ಎಂದಿದ್ದರು. ಲ್ಯಾಬಿನ ಮೇಲೆ ಅವರಿಗೆ ಪ್ರೀತಿ ಇತ್ತು, ನಂಬಿಕೆ ಇರಲಿಲ್ಲ. "ವಸುಧಮ್ಮಾ, ನಿಮ್ಮ ಲ್ಯಾಬಿನಲ್ಲಿ ಬೂಷ್ಟು ಹಿಡಿಯದೆ ಉಳಿಯೋದು ಒಂದೇ ವಸ್ತು, ನಮ್ಮ ಮನೆಯ ಆವಕಾಯ ಉಪ್ಪಿನಕಾಯಿ," ಎನ್ನುವರು. ನನ್ನ ವಿಶಾಖದ ಸಾಹಸವೂ ಅವರ ಕಿವಿಗೆ ಬಿದ್ದಿತ್ತು. ಇಂಥ ಸುದ್ದಿಗಳು ರೈಲು ಹತ್ತಿ ಬಂದುಬಿಡುತ್ತವೆ.

ಒಂದು ವರ್ಷ ಬೇಸಿಗೆಯ ಕೊನೆಯಲ್ಲಿ, ಮೊದಲ ಮಳೆ ಬಂದು ಸೆಖೆ ಮಾತ್ರ ಹೋಗದಿದ್ದ ದಿನಗಳಲ್ಲಿ, ಊರಲ್ಲಿ ಫ್ಲೂ ಜ್ವರ ಎದ್ದಿತು. ಯಜಮಾನರ ಶಾಖೆಯಲ್ಲಿ ಎಲ್ಲರೂ ಕೆಮ್ಮುವವರೇ. ಹೆಚ್ಚಿನವರು ಕಷಾಯ ಕುಡಿದು ಎದ್ದರು. ಅದೇ ಶಾಖೆಯಲ್ಲಿ ಕ್ಲರ್ಕಾಗಿದ್ದ ಗುರುನಾಥ ಕುಲಕರ್ಣಿ ಮಾತ್ರ ಏಳಲಿಲ್ಲ. ಧಾರವಾಡದ ಕಡೆಯ ಆಜಾನುಬಾಹು ಮನುಷ್ಯ, ಭಾನುವಾರ ನಮ್ಮ ಮನೆಗೆ ಬಂದರೆ ಜೋಳದ ರೊಟ್ಟಿಯ ಮುಂದೆ ಅನ್ನ ಎಂಥ ನಿಕೃಷ್ಟ ವಸ್ತುವೆಂದು ಗಂಟೆಗಟ್ಟಲೆ ವಾದಿಸಿ, ಕೊನೆಗೆ ಮೂರು ಸಲ ಅನ್ನ ಬಡಿಸಿಕೊಳ್ಳುವವರು. ಅವರ ಎರಡೂ ಶ್ವಾಸಕೋಶಗಳಿಗೆ ಸೋಂಕು ಹರಡಿತು. ನಮ್ಮ ಆಸ್ಪತ್ರೆಯ ಸ್ಪೆಷಲ್ ರೂಮಿನಲ್ಲಿ ಆಮ್ಲಜನಕ ಹಚ್ಚಿ ಮಲಗಿಸಿದರು. ಉಸಿರಾಟ ಸುಧಾರಿಸಲೆಂದು ಸುಬ್ಬಾರಾವ್ ಸ್ಟೆರಾಯ್ಡ್ ಕೊಟ್ಟರು. ವೈರಸ್ ಯಾವುದೆಂದು ಪತ್ತೆಮಾಡುವ ಪರೀಕ್ಷೆ ಆಗ ನಮ್ಮಂಥವರ ಕೈಯಲ್ಲಿರಲಿಲ್ಲ. ದೂರದ ಊರಿಗೆ ಕಳಿಸಿದರೆ, ರೋಗಿ ಮನೆಗೆ ಹೋದ ಮೇಲೋ ಮೇಲಕ್ಕೆ ಹೋದ ಮೇಲೋ ಉತ್ತರ ಬರುತ್ತಿತ್ತು.

ಕುಲಕರ್ಣಿಯವರ ಹೆಂಡತಿ ಇಂದುಮತಿ. ಸಣ್ಣ ಮೈಕಟ್ಟು, ಆದರೆ ಹಿಡಿದ ಕೆಲಸ ಬಿಡುವವರಲ್ಲ. ಜ್ವರದಲ್ಲಿ ಬೇಯುತ್ತಿದ್ದ ಗಂಡನನ್ನು ನೋಡಲಾರದೆ, ಮನೆಯ ಕೂಲರನ್ನು ರಿಕ್ಷಾದಲ್ಲಿ ಹೇರಿಸಿ ಆಸ್ಪತ್ರೆಗೆ ತಂದರು. ಅದೇನೂ ವಿಶೇಷವಲ್ಲ, ವಿಜಯವಾಡದಲ್ಲಿ ರೋಗಿಯ ಜೊತೆ ಕೂಲರೂ ದಾಖಲಾಗುತ್ತಿತ್ತು. ಆ ಬೇಸಿಗೆಯ ತಟ್ಟಿ ಹರಿದುಹೋಗಿತ್ತು, ಸಿಕ್ಕಿದ್ದು ಹಿಂದಿನ ವರ್ಷದ್ದು, ಅಟ್ಟದ ಮೇಲಿದ್ದದ್ದು. ಅದನ್ನೇ ಕಟ್ಟಿ, ಗಂಡನ ಮುಖಕ್ಕೆ ನೇರವಾಗಿ ಗಾಳಿ ಬರುವಂತೆ ತಿರುಗಿಸಿ, ಪಕ್ಕದಲ್ಲೇ ಕೂತು ಬಕೆಟ್ಟಿನಿಂದ ನೀರು ಹಾಕುತ್ತಿದ್ದರು. ನಾನು ನೋಡಲು ಹೋದಾಗ ಅವರ ಮುಖದಲ್ಲಿ ಗೆಲುವಿತ್ತು.

"ಅಕ್ಕಾರ, ಈಗ ನೋಡ್ರಿ ಹೆಂಗ ಆರಾಮ ಮಲಗ್ಯಾರ. ಗಾಳಿ ಹತ್ತಿದ್ಮ್ಯಾಲೆ ಸಮಾಧಾನ ಆಗೇದ," ಎಂದರು.

ನಿಜಕ್ಕೂ ಕುಲಕರ್ಣಿ ಸ್ವಲ್ಪ ಚೇತರಿಸಿಕೊಂಡಿದ್ದರು. ನಾನೂ ಒಂದು ಕುರ್ಚಿ ಎಳೆದುಕೊಂಡು ಆ ತಂಪಿನಲ್ಲಿ ಕೂತು ಹಾಯೆನಿಸಿ ಎದ್ದುಬಂದೆ.

ಆಮೇಲೆ ಜ್ವರ ಮತ್ತೆ ಏರಿತು. ಕಫದಲ್ಲಿ ರಕ್ತ ಕಂಡಿತು. ಸುಬ್ಬಾರಾವ್ ಒಂದು ಆಂಟಿಬಯಾಟಿಕ್ ಬದಲಿಸಿದರು, ಇನ್ನೊಂದು ಬದಲಿಸಿದರು. ಪ್ರತಿ ಸಲವೂ ಕಫ ಲ್ಯಾಬಿಗೆ ಬರುತ್ತಿತ್ತು, ಪ್ರತಿ ಸಲವೂ ಪ್ಲೇಟಿನಲ್ಲಿ ಬೂದುಹಸಿರು ಬೂಷ್ಟು. ನಮ್ಮ ಟೆಕ್ನಿಷಿಯನ್ ಪ್ರಕಾಶಂ ಹಳೆಯ ಪದ್ಧತಿಯಂತೆ ಅದನ್ನು ಬಿಸಾಕುತ್ತಿದ್ದ, ನಾನು ಹಳೆಯ ಪದ್ಧತಿಯಂತೆ ತಲೆಯಾಡಿಸುತ್ತಿದ್ದೆ. ಮಾಣಿಕ್ಯಾಂಬ ಮೇಡಂ ಅಲ್ಲಿಲ್ಲದಿದ್ದರೂ ಅವರ "ಪಾರೇಯ್" ನಮ್ಮ ಲ್ಯಾಬಿನಲ್ಲಿ ಓಡಾಡಿಕೊಂಡಿತ್ತು.

ಇಂದುಮತಿ ಲ್ಯಾಬಿನ ಬಾಗಿಲಿಗೆ ಬಂದು ನಿಂತ ದಿನ ನನಗೆ ನೆನಪಿದೆ. ಒಳಗೆ ಬರಲಿಲ್ಲ. "ಅಕ್ಕಾರ, ನಿಮ್ಮ ಡಬ್ಬಿಯೊಳಗ ಏನರೆ ಕಾಣಸ್ತೇನ್ರಿ? ಡಾಕ್ಟರ್ ಸಾಹೇಬ್ರು ಇವತ್ತ ನನ್ನ ಮಾರಿ ನೋಡಲಿಲ್ಲ," ಎಂದರು. ಮುಖಕ್ಕೆ ಮುಖ ಕೊಟ್ಟು ಮಾತಾಡುವ ಮನುಷ್ಯ ಮುಖ ನೋಡಲಿಲ್ಲವೆಂದರೆ ಅರ್ಥವಾಗದೆ ಇರುತ್ತದೆಯೇ? "ನೋಡ್ತೀನಿ ಇಂದುಮತಿ, ಈಗಲೇ ನೋಡ್ತೀನಿ," ಎಂದು ಒಳಗೆ ಬಂದೆ. ನೋಡುವುದೇನಿದೆ? ಪ್ರಕಾಶಂ ಆಗಷ್ಟೇ ಬುಟ್ಟಿಗೆ ಹಾಕಿದ್ದ ಪ್ಲೇಟಿತ್ತು. ಬೇರೇನೂ ಇಲ್ಲವೆಂದು ಅದನ್ನೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ.

ಹೊಸದಾಗಿ ಲ್ಯಾಬಿಗೆ ಸೇರುವವರು ಇದನ್ನೊಂದು ಕೇಳಿ. ಕಫವನ್ನು ಪ್ಲೇಟಿಗೆ ಹಚ್ಚುವಾಗ ನಾವು ತಂತಿಯಿಂದ ಗೆರೆ ಎಳೆಯುತ್ತೇವೆ, ಮನೆ ಮುಂದೆ ರಂಗೋಲಿಯ ಎಳೆ ಎಳೆದಂತೆ. ಗಾಳಿಯಿಂದ ಬಿದ್ದ ಬೂಷ್ಟು ಎಲ್ಲೆಂದರಲ್ಲಿ ಕೂರುತ್ತದೆ, ಅದಕ್ಕೆ ನಮ್ಮ ಗೆರೆಯ ಗೊಡವೆಯಿಲ್ಲ. ಅಂದು ನನ್ನ ಕೈಯಲ್ಲಿದ್ದ ಪ್ಲೇಟಿನಲ್ಲಿ ಬೂಷ್ಟು ಬೆಳೆದಿದ್ದದ್ದು ಗೆರೆಯ ಮೇಲೆ. ಈ ತುದಿಯಿಂದ ಆ ತುದಿಗೆ, ಗೆರೆ ಬಾಗಿದಲ್ಲಿ ತಾನೂ ಬಾಗಿ. ಗೆರೆಯ ಆಚೆ ಒಂದು ಚುಕ್ಕೆಯೂ ಇಲ್ಲ. ಇದು ನಮ್ಮ ಗಾಳಿಯದಲ್ಲ, ಕುಲಕರ್ಣಿಯವರ ಎದೆಯಿಂದ ಬಂದದ್ದು.

ಹೊಸ ಕಫ ತರಿಸಿ, ಪೊಟ್ಯಾಷ್ ನೀರಿನಲ್ಲಿ ಕರಗಿಸಿ ಮೈಕ್ರೋಸ್ಕೋಪಿನಡಿ ಇಟ್ಟೆ. ಅಡ್ಡಗೋಡೆಗಳಿರುವ, ಕವಲೊಡೆದ ಎಳೆಗಳು. ನೀವು ನಗಬೇಡಿ, ಮೊದಲು ನಾನು ಮಾಡಿದ್ದು ಕಣ್ಣಿನ ಕೊಳವೆಯನ್ನು ತಿರುಗಿಸಿದ್ದು. ಎಳೆಗಳು ಅಲುಗಲಿಲ್ಲ. ಗಾಜನ್ನು ಒರೆಸಿ ಮತ್ತೆ ತಿರುಗಿಸಿದೆ. ಊಹೂಂ.

ಸುಬ್ಬಾರಾವ್ ಅವರ ಕೋಣೆಗೆ ಹೋಗಿ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, ಎರಡು ಬೆರಳೆತ್ತಿ ಗಾಳಿಯಲ್ಲಿ ತಿರುಗಿಸಿದರು.

"ತಿರುಗಿಸಿ ನೋಡಿಯೇ ಬಂದೆ ಸಾರ್," ಎಂದೆ.

ಅವರ ಕೈ ಹಾಗೇ ನಿಂತಿತು. ಎದ್ದು ನನ್ನ ಜೊತೆ ಲ್ಯಾಬಿಗೆ ಬಂದರು, ಅಲ್ಲಿ ಅವರು ಕಾಲಿಟ್ಟದ್ದು ಅದೇ ಮೊದಲು. ಸ್ಟೂಲಿನ ಮೇಲೆ ಕೂತು, ಬಗ್ಗಿ, ತಾವೂ ಒಮ್ಮೆ ಕೊಳವೆ ತಿರುಗಿಸಿದರು. ನಂಬಿಕೆ ಅಂದರೆ ನಂಬಿಕೆ! ಆಮೇಲೆ ಬಹಳ ಹೊತ್ತು ತಲೆಯೆತ್ತಲಿಲ್ಲ.

"ಚೂಡಮ್ಮಾ," ಎಂದರು ಕೊನೆಗೆ, ನೋಡಮ್ಮಾ ಅಂದಂತೆ. "ಇದಕ್ಕಿರೋದು ಒಂದೇ ಔಷಧ, ಆಂಫೋಟೆರಿಸಿನ್. ಬಹಳ ಕೆಟ್ಟ ಔಷಧ. ನೀನು ಹೇಳಿದ್ದು ತಪ್ಪಾಗಿದ್ರೆ ಬಡಪಾಯಿಯ ಮೂತ್ರಪಿಂಡ ನಾನೇ ಹಾಳು ಮಾಡಿದ ಹಾಗಾಗುತ್ತೆ. ನೀನು ಹೇಳಿದ್ದು ಸರಿಯಾಗಿದ್ದು, ನಾನು ಕೊಡದೆ ಹೋದ್ರೆ ಈ ವಾರ ದಾಟೋದಿಲ್ಲ. ಅವರು ನಿಮ್ಮ ಮನೆಗೆ ಬಂದು ಹೋಗೋರು. ನಿನಗೆ ಅವರ ಮೇಲಿನ ಮರುಕ ಎಳೆ ತೋರಿಸ್ತಾ ಇಲ್ಲ ತಾನೇ?"

ತಮಾಷೆಯ ಮನುಷ್ಯ ತಮಾಷೆ ಬಿಟ್ಟು ಕೇಳಿದ ಪ್ರಶ್ನೆ. ಪ್ಲೇಟನ್ನು ಅವರ ಮುಂದಿಟ್ಟು ಗೆರೆ ತೋರಿಸಿದೆ. "ಮರುಕ ಗೆರೆ ಹಿಡಿದು ಬೆಳೆಯೋದಿಲ್ಲ ಸಾರ್. ಕೊಡಿ," ಎಂದೆ.

"ಸರೆ," ಎಂದು ಎದ್ದರು. ಬಾಗಿಲಲ್ಲಿ ನಿಂತು ಕೇಳಿದರು: "ಊರಲ್ಲಿ ಇಷ್ಟು ಜನಕ್ಕೆ ಜ್ವರ ಬಂತು. ಈ ಮನುಷ್ಯನ ಎದೆಗೇ ಇಷ್ಟೊಂದು ಬೂಷ್ಟು ಎಲ್ಲಿಂದ ಹೋಯ್ತು?"

ಅದಕ್ಕೆ ಉತ್ತರ ಹುಡುಕಿಕೊಂಡು ಕುಲಕರ್ಣಿಯವರ ರೂಮಿಗೆ ಹೋದೆ. ಬಾಗಿಲು ತೆರೆದ ಕೂಡಲೇ ಅದೇ ತಂಪು, ಅದೇ ಲಾವಂಚದ ಘಮ. ಈ ಸಲ ಆ ಘಮದಡಿಯಲ್ಲಿ ಇನ್ನೊಂದು ವಾಸನೆ ಮೂಗಿಗೆ ಹತ್ತಿತು. ವಿಶಾಖಪಟ್ಟಣದ ನನ್ನ ಚಪ್ಪಲಿಯ ವಾಸನೆ. ಕೂಲರಿನ ಹಿಂದೆ ಹೋಗಿ ನೋಡಿದರೆ ತಟ್ಟಿಯ ಒಳಬದಿಯಲ್ಲಿ ಬೂದುಹಸಿರು ಪುಡಿ. ವೈರಸ್ ಬಂದು ಒಳಗೆಲ್ಲ ಹುಣ್ಣಾದ ಶ್ವಾಸಕೋಶ, ಮೇಲಿಂದ ಮೈಯ ಕಾವಲು ತಗ್ಗಿಸುವ ಸ್ಟೆರಾಯ್ಡ್, ಅದರ ಮುಖಕ್ಕೆ ನೇರವಾಗಿ ಈ ಗಾಳಿ. ಇಂದುಮತಿ ಪಕ್ಕದಲ್ಲೇ ನಿಂತು ಬಕೆಟ್ಟಿನಿಂದ ತಂಬಿಗೆಯಲ್ಲಿ ನೀರು ಮೊಗೆಯುತ್ತಿದ್ದರು.

ಲ್ಯಾಬಿನಿಂದ ಪ್ಲೇಟುಗಳನ್ನು ತಂದು, ಮುಚ್ಚಳ ತೆರೆದು, ಒಂದನ್ನು ಕೂಲರಿನ ಮುಂದೆ, ಒಂದನ್ನು ಹೊರಗಿನ ಕಾರಿಡಾರಿನಲ್ಲಿ ಇಟ್ಟೆ. "ಯಾಕ್ರಿ ಅಕ್ಕಾರ?" ಎಂದರು ಇಂದುಮತಿ. "ಗಾಳಿ ಪರೀಕ್ಷೆ. ಎಲ್ಲ ರೂಮಿನಲ್ಲೂ ಮಾಡ್ತೀವಿ," ಎಂದೆ. ಎಲ್ಲ ರೂಮಿನಲ್ಲೂ ಯಾರು ಮಾಡಿದ್ದರು!

ಸುಬ್ಬಾರಾವ್ ಅವರಿಗೆ ವಿಷಯ ತಿಳಿಸಿದೆ. ಅವರು ತಲೆ ಕೆರೆದುಕೊಂಡರು. ಕೂಲರ್ ತೆಗೆಯಬೇಕು, ಆದರೆ ಆ ಹೆಣ್ಣುಮಗಳಿಗೆ ಏನು ಹೇಳುವುದು? ಅವರು ಹೋಗಿ ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ. "ಅಮ್ಮಾ, ಈ ಕೂಲರಿಗೆ ನಮ್ಮ ಆಸ್ಪತ್ರೆಯ ಫ್ಯೂಸ್ ತಡೆಯೋದಿಲ್ಲ. ವೈರಿಂಗ್ ಹಳೆಯದು. ತುಂಬಾ ಹಳೆಯದು. ಬ್ರಿಟಿಷರ ಕಾಲದ್ದು ಅಂದ್ಕೊಳ್ಳಿ," ಎಂದರು. ಕೂಲರಿನ ಎದುರೇ ನಿಂತಿದ್ದರೂ ಹಣೆಯಲ್ಲಿ ಬೆವರು. ಆ ಕಟ್ಟಡ ಕಟ್ಟಿ ಹತ್ತು ವರ್ಷವೂ ಆಗಿರಲಿಲ್ಲ. ಇಂದುಮತಿ ಅವರ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ತಮಗೆ ಬರುತ್ತಿದ್ದ ತೆಲುಗಿನಲ್ಲಿ "ಅಲಾಗೇನಂಡಿ" ಎಂದರು. ಹಾಗೇ ಆಗಲಿ ಅಂದಂತೆ. ಪ್ರಕಾಶಂ ಕೂಲರನ್ನು ಎತ್ತಿಸಿ ಹೊರಗೆ ಸಾಗಿಸಿದ.

ಔಷಧ ವಿಜಯವಾಡದಲ್ಲಿ ಸಿಗಲಿಲ್ಲ. ಇಲ್ಲಿ ಬ್ಯಾಂಕಿನವರನ್ನು ನೆನೆಯಲೇಬೇಕು. ಒಂದು ಡಿಡಿ ಮಾಡಿಕೊಡಲು ಅರ್ಧ ದಿನ ಕಾಯಿಸುವ ಅದೇ ಜನ ಮದರಾಸಿನ ಶಾಖೆಗೆ ಫೋನು ಮಾಡಿದರು, ಅಲ್ಲೊಬ್ಬ ಕನ್ನಡದ ಕ್ಯಾಷಿಯರ್ ಮೂರು ಅಂಗಡಿ ಅಲೆದು, ಬಾಟಲಿಗಳನ್ನು ಐಸು ತುಂಬಿದ ಕಾಫಿ ಫ್ಲಾಸ್ಕಿನಲ್ಲಿಟ್ಟು, ಮರುದಿನದ ರೈಲಿನಲ್ಲಿ ಬರುವವರ ಕೈಗೆ ಕೊಟ್ಟು ಕಳಿಸಿದರು. ಫ್ಲಾಸ್ಕಿನ ಮೇಲೆ ದೊಡ್ಡದಾಗಿ "ಇದು ಕಾಫಿ ಅಲ್ಲ" ಎಂದು ಕನ್ನಡದಲ್ಲಿ ಬರೆದಿತ್ತು. ರೈಲಿನ ತೆಲುಗರಿಗೂ ತಮಿಳರಿಗೂ ಅದು ಹೇಗೆ ಅರ್ಥವಾಗಬೇಕೆಂದು ಅವರು ಯೋಚಿಸಿರಲಿಲ್ಲ. ಆದರೂ ಯಾರೂ ಕುಡಿಯಲಿಲ್ಲ.

ಔಷಧ ಏರಿಸಿದ ಪ್ರತಿ ದಿನವೂ ಕುಲಕರ್ಣಿ ಮಂಚ ಅಲ್ಲಾಡುವಂತೆ ನಡುಗುತ್ತಿದ್ದರು. ಆ ಬೇಗೆಯ ಊರಿನಲ್ಲಿ ಇಂದುಮತಿ ಅವರಿವರ ಮನೆಗಳಿಂದ ಕಂಬಳಿ ಎರವಲು ತಂದು ಹೊದಿಸುತ್ತಿದ್ದರು. ನಾನು ದಿನಾ ಅವರ ರಕ್ತ ತೆಗೆದು ಮೂತ್ರಪಿಂಡ ಹೇಗಿದೆಯೆಂದು ನೋಡುತ್ತಿದ್ದೆ, ಸುಬ್ಬಾರಾವ್ ದಿನಾ ಲ್ಯಾಬಿಗೆ ಬಂದು ನಾನು ಬಾಯಿ ತೆರೆಯುವ ಮೊದಲೇ ನನ್ನ ಮುಖ ಓದಲು ನೋಡುತ್ತಿದ್ದರು. ಒಮ್ಮೆ ಮೂತ್ರಪಿಂಡ ಮುನಿಸಿಕೊಂಡು ಎಲ್ಲರ ಜೀವ ಬಾಯಿಗೆ ಬಂತು, ಔಷಧ ತಗ್ಗಿಸಿ ಮತ್ತೆ ಏರಿಸಿದರು. ಅಷ್ಟರಲ್ಲಿ ನಾನಿಟ್ಟ ಪ್ಲೇಟುಗಳೂ ಉತ್ತರ ಹೇಳಿದವು. ಕಾರಿಡಾರಿನದರಲ್ಲಿ ಒಂದೆರಡು ಚುಕ್ಕೆ. ಕೂಲರಿನ ಮುಂದಿನದು ಇಡೀ ಬೂದುಹಸಿರು.

ನಿಧಾನವಾಗಿ ಜ್ವರ ಇಳಿಯಿತು. ಒಂದು ಬೆಳಿಗ್ಗೆ ಕುಲಕರ್ಣಿ ಆಸ್ಪತ್ರೆಯ ಅನ್ನ ನೋಡಿ, "ಇದನ್ನ ಮನಷ್ಯಾರು ತಿಂತಾರೇನ?" ಎಂದರಂತೆ. ಆ ಸುದ್ದಿ ತಂದ ಪ್ರಕಾಶಂ ಕುಣಿಯುತ್ತಿದ್ದ. ನಾನು ಲ್ಯಾಬಿನ ಒಳಕೋಣೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ನಾಚಿಕೆಯೇನಿಲ್ಲ, ಅತ್ತೆ.

ಕುಲಕರ್ಣಿ ಮನೆಗೆ ಹೋಗಿ ಕೆಲವು ತಿಂಗಳಾದ ಮೇಲೆ, ಮುಂದಿನ ಬೇಸಿಗೆ ಕಾಲಿಡುತ್ತಿದ್ದಾಗ, ಇಂದುಮತಿ ಆಸ್ಪತ್ರೆಗೆ ಬಂದರು. ಹಿಂದೆ ರಿಕ್ಷಾ, ರಿಕ್ಷಾದಲ್ಲಿ ಅದೇ ಕೂಲರು.

"ಇದು ನಿಮಗ ಅಕ್ಕಾರ. ಲ್ಯಾಬಿನ್ಯಾಗ ಬ್ಯಾಡ್ರಿ, ನೀವೆಲ್ಲಾ ಊಟಾ ಮಾಡೋ ಖೋಲ್ಯಾಗ ಇಡ್ರಿ. ತಟ್ಟಿ ಹೊಸಾವು. ಹಳೇವನ್ನ ನಾನ ಸುಟ್ಟು ಹಾಕೀನಿ. ತಗಡಾ ಬಿಸಲಿಗಿಟ್ಟು ತಿಕ್ಕೀನಿ."

ನಾನು ಅವರ ಮುಖವನ್ನೇ ನೋಡಿದೆ. "ಇಂದುಮತಿ, ನಿಮಗೆ ಗೊತ್ತಿತ್ತಾ?"

"ಗಾಳಿ ಪರೀಕ್ಷಾ ಅಂದ್ರಿ. ಬಾಜೂ ರೂಮಿಗೆ ಹೋಗಿ ಕೇಳಿದೆ, ಅಲ್ಲಿ ಯಾರೂ ಡಬ್ಬಿ ಇಟ್ಟಿದ್ದಿಲ್ಲ. ಆಮ್ಯಾಲೆ ಡಾಕ್ಟರ್ ಸಾಹೇಬ್ರು ಫ್ಯೂಜಂತ ಹೇಳಿ ಎಷ್ಟ ಬೆವತ್ರು! ಅವರಿಗೆ ಸುಳ್ಳು ಹೇಳಿ ರೂಢಿ ಇಲ್ಲಂತ ಗೊತ್ತಾತು. ಅಷ್ಟ ತ್ರಾಸ ತಗೊಂಡಾರ, ನಾ ಯಾಕ ಕೆಡಸಲಿ ಅಂತ ಹ್ಞೂಂ ಅಂದೆ." ಅವರ ಕೈ ಕೂಲರಿನ ತಗಡನ್ನು ಸವರುತ್ತಿತ್ತು. "ಖರೇ ಹೇಳ್ರಿ ಅಕ್ಕಾರ. ನಾ ಹಚ್ಚಿದ ಗಾಳಿನ ಅಲ್ರೀ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇಷ್ಟು ತಿಂಗಳು ಅವರು ಈ ಪ್ರಶ್ನೆಯನ್ನು ಒಬ್ಬರೇ ಹೊತ್ತಿದ್ದರು. "ಹೌದು," ಎಂದೆ. "ನೀವು ಹಚ್ಚಿದ ಗಾಳಿ. ಅದರಲ್ಲಿ ನಾನೂ ಕುರ್ಚಿ ಹಾಕಿಕೊಂಡು ಕೂತಿದ್ದೆ ಇಂದುಮತಿ, ಇಂಥ ಓದು ಓದಿ."

ಅವರ ಕಣ್ಣು ತುಂಬಿದವು. ಆಮೇಲೆ, ಎಷ್ಟೋ ದಿನದ ಉಸಿರನ್ನು ಹೊರಗೆ ಬಿಟ್ಟಂತೆ, "ಹೇಳಿದ್ರಿ, ಛಲೋ ಆತು," ಎಂದರು.

ಅಷ್ಟರಲ್ಲಿ ಸುಬ್ಬಾರಾವ್ ಆ ದಾರಿಯಲ್ಲೇ ಬಂದರು. ಕೂಲರನ್ನು ನೋಡಿ ಅವರ ಕಾಲು ನೆಲಕ್ಕೆ ಅಂಟಿಕೊಂಡಿತು. ಇಂದುಮತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮುಖವನ್ನು ಬಹಳ ಗಂಭೀರ ಮಾಡಿಕೊಂಡು, ತೆಲುಗಿನಲ್ಲಿ ಕೇಳಿದರು: "ಡಾಕ್ಟರ್‌ಗಾರೂ, ಈಗ ನಿಮ್ಮ ಫ್ಯೂಸ್ ತಡೀತದಾ?"

ಸುಬ್ಬಾರಾವ್ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ.

"ತಡೆಯುತ್ತಮ್ಮಾ," ಎಂದರು ಅವರು, ಹಣೆಯ ಬೆವರು ಒರೆಸಿಕೊಳ್ಳುತ್ತ. "ಹೋದ ತಿಂಗಳಷ್ಟೇ ವೈರಿಂಗ್ ಎಲ್ಲಾ ಹೊಸದು ಹಾಕಿಸಿದೆವು."